ನಲವತ್ತೆರಡು ಅಡಿ ಗೋಡೆ

ಅಪ್ಪ ಉಗುಳುವ ಡಬ್ಬಿಗೆ ಬೂದಿ ಹಾಕುವುದು ನನ್ನ ಕೆಲಸ. ಹಳೆಯದನ್ನು ಹಿಂದಿನ ಗುಂಡಿಗೆ ಸುರಿದು ಮಣ್ಣು ಮುಚ್ಚುತ್ತೇನೆ. ಡಬ್ಬಿ ತೊಳೆಯುತ್ತೇನೆ. ಒಲೆಯಿಂದ ಒಂದು ಹಿಡಿ ಬೂದಿ ತಂದು ಹಾಕಿ ಅವನ ಎಡಗೈಯ ಹತ್ತಿರ ಇಡುತ್ತೇನೆ. ಆ ಹೊತ್ತಿನಲ್ಲಿ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿರುತ್ತಾನೆ. ಮಗಳು ತನ್ನ ಕಫ ತೊಳೆಯುವುದನ್ನು ಅವನು ನೋಡಲಾರ. ಕಫಕ್ಕೆ ಕಲ್ಲಿನ ಬಣ್ಣ. ಇಪ್ಪತ್ತೆಂಟು ವರ್ಷ ಕಲ್ಲು ಕಡೆದವನ ಎದೆಯೊಳಗೆ ಕಲ್ಲಿನ ಪುಡಿಯೇ ಕೂತಿದೆ ಎಂದು ಯಾದಗಿರಿಯ ದವಾಖಾನೆಯಲ್ಲಿ ಹೇಳಿದ್ದಾರೆ. ಅದು ಹೊರಗೆ ಬರುವುದಿಲ್ಲವಂತೆ. ಬರುವಷ್ಟು ಬರಲಿ ಎಂದು ನಾವು ಡಬ್ಬಿ ಇಟ್ಟಿದ್ದೇವೆ.

ಆವತ್ತು ಡಬ್ಬಿ ಇಟ್ಟು ಕೈ ತೊಳೆಯುತ್ತಿದ್ದೆ. ಹೊರಗಿನಿಂದ ದನಿ ಬಂತು.

"ಏ ಮಲ್ಕ್ಯಾ! ಅದೀಯೇನಲೇ?"

ಬಸಲಿಂಗನ ದನಿ. ಪಟ್ಟಣ ಪಂಚಾಯಿತಿಯ ಕರ ವಸೂಲಿ ಮಾಡುವವನು. ಅವನಿಗೆ ಮೂವತ್ತು ದಾಟಿಲ್ಲ. ಅಪ್ಪ ಮಲ್ಕಪ್ಪನಿಗೆ ಐವತ್ತೆರಡು. ನಾನು ಬಾಗಿಲಿಗೆ ಬಂದೆ. ಅವನು ಗಟಾರದ ಆಚೆ ಬೈಕಿನ ಮೇಲೇ ಕೂತಿದ್ದ.

"ನಿಮ್ಮಪ್ಪನ್ನ ಕರಿ."

"ಎದ್ದು ಬರಾಕ ಆಗಂಗಿಲ್ರಿ." ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ಚೀಲದಿಂದ ಒಂದು ಕಾಗದ ತೆಗೆದ. ನಾನು ಕೈ ಚಾಚಿದೆ. ಅವನು ಚಾಚಲಿಲ್ಲ. ಗಟಾರಕ್ಕೆ ಅಡ್ಡ ಹಾಕಿದ ಹಾಸುಗಲ್ಲಿನ ಮೇಲೆ ಕಾಗದ ಇಟ್ಟು, ಹಾರಬಾರದೆಂದು ಮೇಲೊಂದು ಹರಳು ಇಟ್ಟ.

"ಅರಮನ್ಯಾಗ ಇದ್ಕೊಂಡು ಗುಡಿಸಲಾ ಅಂತ ಕರ ಕಟ್ಟಾಕತ್ತೀರಿ ಇಷ್ಟು ವರ್ಷ. ಇನ್ಮ್ಯಾಲ ನಡಿಯಂಗಿಲ್ಲ ಅಂತ ಹೇಳು ನಿಮ್ಮಪ್ಪಗ."

ಬೈಕು ಹೋಯಿತು. ನಾನು ಹರಳು ತೆಗೆದು ಕಾಗದ ಎತ್ತಿಕೊಂಡೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆ ವರ್ಷ ಅಪ್ಪನಿಗೆ ಕೆಮ್ಮು ಹತ್ತಿತು. ಅವ್ವನ ಜೊತೆ ಖಡಿ ಹೊರಲು ಹೋದೆ. ಖಡಿ ಮಷೀನಿನ ಬಾಯಿಯಿಂದ ಬಿದ್ದ ಕಲ್ಲುಚೂರನ್ನು ಬುಟ್ಟಿಗೆ ತುಂಬಿ ಟ್ರ್ಯಾಕ್ಟರಿಗೆ ಹಾಕುವುದು. ಓದು ಮಾತ್ರ ಮರೆತಿಲ್ಲ. ಬಸ್ಸಿನ ಬೋರ್ಡು, ಔಷಧದ ಚೀಟಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತೇನೆ. ಆ ಕಾಗದವನ್ನೂ ಬಾಗಿಲಲ್ಲೇ ನಿಂತು ಓದಿದೆ.

ಕಟ್ಟಡದ ವಿಸ್ತೀರ್ಣ ೧೨೬೦ ಚದರ ಅಡಿ. ಕಡೆದ ಕಲ್ಲಿನ ಗೋಡೆ, ಪಕ್ಕಾ ಚಾವಣಿ, ಒಂದನೆಯ ದರ್ಜೆ. ಬೆಲೆ ಹದಿನಾರು ಲಕ್ಷ ಮೂವತ್ತೆಂಟು ಸಾವಿರ. ವರ್ಷದ ಕರ ಒಂಬತ್ತು ಸಾವಿರದ ಎಂಟುನೂರ ಇಪ್ಪತ್ತೆಂಟು. ಹಿಂದಿನ ವರ್ಷ ಅವ್ವ ಕಟ್ಟಿದ್ದು ಐದುನೂರ ಹತ್ತು. ಕೊನೆಗೆ ಒಂದು ಸಾಲು: "ಕಟ್ಟಡದ ಒಳಭಾಗವನ್ನು ಖುದ್ದಾಗಿ ಪರಿಶೀಲಿಸಿ ನಮೂದಿಸಲಾಗಿದೆ."

ಆ ಸಾಲನ್ನು ಎರಡು ಸಲ ಓದಿದೆ. ಖುದ್ದಾಗಿ. ಒಳಭಾಗ.

ಯಾರು ಬಂದಿದ್ದರು ಒಳಗೆ?

ತಿಂಗಳ ಹಿಂದೆ ಬಸಲಿಂಗ ಬಂದಿದ್ದು ನನಗೆ ನೆನಪಿದೆ. ನಾನು ಪಾತ್ರೆ ತಿಕ್ಕುತ್ತಿದ್ದೆ. ಜೊತೆಗೊಬ್ಬ ಟೇಪು ಹಿಡಿದವನಿದ್ದ. ರಸ್ತೆಯ ಮೇಲೇ ನಿಂತು ಗೋಡೆಯ ಈ ತುದಿಯಿಂದ ಆ ತುದಿಗೆ ಟೇಪು ಎಳೆದರು. ಪಕ್ಕದ ಸಂದಿಯಲ್ಲಿ ಆಳೆತ್ತರ ಮೀರಿದ ಮಣ್ಣುಗೋಡೆಯ ಉದ್ದಕ್ಕೆ ಇನ್ನೊಂದು ಸಲ ಎಳೆದರು, ಮೂವತ್ತು ಅಡಿ. ಅವ್ವ ಸೆರಗು ಸರಿ ಮಾಡಿಕೊಂಡು, "ಒಳಗ ಬಂದು ನೋಡ್ರಿ ಯಪ್ಪಾ," ಅಂದಳು. ಬಸಲಿಂಗ, "ಇವತ್ತ ಸ್ವಾಮಾರ. ಉಪಾಸ ಅದ ನಂದು," ಅಂದ. ಬರೆದುಕೊಂಡು ಹೋದ. ನಮ್ಮ ಕೇರಿಗೆ ಬರುವವರಿಗೆ ಏಳು ದಿನವೂ ಸೋಮವಾರವೇ.

ನಮ್ಮ ಊರು ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇದೆ. ಹಳ್ಳಿಯಾಗಿದ್ದದ್ದು ಈಗ ಪಟ್ಟಣ ಪಂಚಾಯಿತಿ. ಬೋರ್ಡು ಬದಲಾಯಿತು, ಗಟಾರ ಬದಲಾಗಲಿಲ್ಲ. ಕೇರಿಯೆಂದರೆ ಯಾವ ಕೇರಿ ಎಂದು ಬಿಡಿಸಿ ಹೇಳಬೇಕೆ? ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಊರಿನವರಿಗೆ ಗಾಜಿನ ಲೋಟ, ನಮಗೆ ಕಾಗದದ್ದು. ಕೇಳಿದರೆ ಅದು ಸ್ವಚ್ಛತೆಗೆ ಅನ್ನುತ್ತಾರೆ.

ಗೋಡೆಯ ಸಂಗತಿ ಹೇಳಬೇಕು.

ಕಲ್ಲಿನ ಕೆಲಸದವನಿಗೆ ಅವನ ಮನೆಯ ಮುಂಗೋಡೆಯೇ ಬೋರ್ಡು. ಮನೆ ಕಟ್ಟಿಸುವ ಸಾಹುಕಾರರು ಮೊದಲು ಅದನ್ನು ನೋಡಲು ಬರುತ್ತಾರೆ. ವನದುರ್ಗದಿಂದ, ಶಿರವಾಳದಿಂದ, ದೂರದ ಕಡೇಚೂರಿನಿಂದಲೂ ಬಂದಿದ್ದಾರೆ. ರಸ್ತೆಯಲ್ಲೇ ನಿಂತು ನೋಡುತ್ತಾರೆ. ಕಲ್ಲು ಕಲ್ಲಿನ ಸಂದು ಎಷ್ಟು ಸಣ್ಣದು, ಮೂಲೆ ಎಷ್ಟು ನೆಟ್ಟಗಿದೆ, ಹೂವಿನ ಪಟ್ಟಿ ಹೇಗೆ ಕಡೆದಿದ್ದಾನೆ. ಮನಸ್ಸಿಗೆ ಬಂದರೆ "ಇಂಥಾದ್ದ ನಮಗೂ ಬೇಕು" ಎಂದು ಮುಂಗಡ ಕೊಟ್ಟು ಹೋಗುತ್ತಾರೆ. ಅದಕ್ಕೇ ಅಪ್ಪ ಮನೆಗಿಂತ ಮೊದಲು ಗೋಡೆ ಕಟ್ಟಿದ. ನಲವತ್ತೆರಡು ಅಡಿ ಉದ್ದ, ಹನ್ನೊಂದು ಅಡಿ ಎತ್ತರ. ನಮ್ಮ ಕಡೆಯ ಹಳೇ ಮನೆಗಳಿಗೆ ಬೀದಿಗೆ ಕಿಟಕಿ ಇರುವುದಿಲ್ಲ. ಇದಕ್ಕೂ ಇಲ್ಲ. ಎಡತುದಿಗೆ ಒಂದು ಬಾಗಿಲು. ನಡುವೆ ಎರಡು ದೀಪದ ಗೂಡು. ಗೂಡಿನ ಸುತ್ತ ಹೂಬಳ್ಳಿಯ ಪಟ್ಟಿ.

ಕಲ್ಲು ಕೊಂಡದ್ದಲ್ಲ. ಕೆಲಸದ ಜಾಗದಲ್ಲಿ ಅಂಚು ಒಡೆದ ಕಲ್ಲು ಸಾಹುಕಾರರಿಗೆ ಬೇಡ. ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡು ಅಪ್ಪನಿಗೇ ಕೊಡುತ್ತಿದ್ದರು. ಅವ್ವ ತಲೆಯ ಮೇಲೆ ಹೊತ್ತು ತಂದಳು. ಒಂದೊಂದೇ ಕಲ್ಲು. ಒಂಬತ್ತು ವರ್ಷ. ಅವಳ ಕುತ್ತಿಗೆ ಈಗಲೂ ಎಡಕ್ಕೆ ವಾಲಿದೆ. ಅಪ್ಪ ಒಡೆದ ಮಗ್ಗುಲನ್ನು ಒಳಗೆ ಹಾಕಿ, ಚೆಂದದ ಮುಖವನ್ನು ಹೊರಗೆ ಹಾಕಿ ಕಟ್ಟಿದ.

ಗೋಡೆಯ ಹಿಂದೆ ಏನಿದೆ? ಬಾಗಿಲು ದಾಟಿದರೆ ಹದಿನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಒಂದು ಕೋಣೆ. ಮೇಲೆ ತಗಡು. ಆ ಕೋಣೆಯ ಬಲಕ್ಕೊಂದು ಸಣ್ಣ ಬಾಗಿಲು. ಅದನ್ನು ದಾಟಿದರೆ ಬಯಲು. ಉಳಿದ ಇಪ್ಪತ್ತೆಂಟು ಅಡಿ ಗೋಡೆಯ ಹಿಂದೆ ಚಾವಣಿಯೂ ಇಲ್ಲ, ಕೋಣೆಯೂ ಇಲ್ಲ. ಎರಡು ಆಡು, ಒಂದು ಗುಂಡಿ, ಗೋಣಿತಟ್ಟು ಕಟ್ಟಿದ ಬಚ್ಚಲು. ಅಲ್ಲೂ ಒಂದು ದಿನ ಕೋಣೆ ಹಾಕುತ್ತೇನೆ ಅನ್ನುತ್ತಿದ್ದ ಅಪ್ಪ. ಗೋಡೆ ಮುಗಿಯುವ ಹೊತ್ತಿಗೆ ಅವನ ಎದೆ ಮುಗಿದಿತ್ತು.

ಕೂಲಿ ಕೇಳಿದಾಗ "ಕಲ್ಲು ಬಡಿಯೋದಕ್ಕ ಇಷ್ಟು ರೊಕ್ಕ ಏನಲೇ" ಅಂದವರೇ ಎಲ್ಲ. ಈಗ ಅದೇ ಕೈಗೆ ಹದಿನಾರು ಲಕ್ಷ ಬೆಲೆ ಕಟ್ಟಿದ್ದಾರೆ. ಅವನು ಪಡೆಯುವುದಕ್ಕಲ್ಲ, ಕೊಡುವುದಕ್ಕೆ.

ಹಿಂದಿನ ಮನೆಯ ದಾವಲಬೀ ಕಾಗದದ ಸುದ್ದಿ ಕೇಳಿ ಬಂದಳು. ಗಾದಿ ಹೊಲಿಯುವವಳು. ಮೈತುಂಬ ಅರಳೆಯ ಎಳೆ ಅಂಟಿತ್ತು. ನಾನು ಅವಳನ್ನು ಖಾಲಾ ಅನ್ನುತ್ತೇನೆ. ನಮ್ಮ ಮನೆಯೊಳಗೆ ಕೂತು ನೀರು ಕೇಳಿ ಕುಡಿಯುವವಳು ಅವಳೊಬ್ಬಳೇ.

"ಹದಿನಾರು ಲಕ್ಷ! ಮಲ್ಕಪ್ಪಣ್ಣ, ಆ ಬಯಲಾಗ ನನಗೊಂದು ಕೋಣಿ ಬಾಡಿಗಿ ಕೊಡಪಾ. ಆಕಾಶದ ಬಾಡಿಗಿ ಎಷ್ಟಂತಿ?"

ಅಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ದಾವಲಬೀ ಅವನ ಬೆನ್ನು ಉಜ್ಜಿದಳು. ಆಮೇಲೆ ಯಾರೂ ನಗಲಿಲ್ಲ.

ಹತ್ತು ದಿನಕ್ಕೆ ನಿಜವಾದ ಪೆಟ್ಟು ಬಿತ್ತು. ರೇಷನ್ ಅಂಗಡಿಯಲ್ಲಿ ಅಕ್ಕಿಗೆ ನಿಂತಿದ್ದೆ. ಅಂಗಡಿಯವನು ಗೋಡೆಗೆ ಅಂಟಿಸಿದ ಪಟ್ಟಿ ತೋರಿಸಿದ. ನಮ್ಮ ಹೆಸರಿತ್ತು. ಸಾವಿರ ಚದರ ಅಡಿ ದಾಟಿದ ಪಕ್ಕಾ ಮನೆಯವರಿಗೆ ಬಡವರ ಕಾರ್ಡು ಇಲ್ಲ. ಪಂಚಾಯಿತಿ ಕಾಗದದಲ್ಲಿ ನಮ್ಮ ಮನೆ ಸಾವಿರದ ಇನ್ನೂರ ಅರವತ್ತು. ಮುಂದಿನ ತಿಂಗಳು ಹದಿನೈದರೊಳಗೆ ತಿದ್ದಿದ ಕಾಗದ ತರದಿದ್ದರೆ ಕಾರ್ಡು ರದ್ದು.

ಆ ಕಾರ್ಡಿನ ಮೇಲೆ ಅಕ್ಕಿ ಬರುತ್ತದೆ. ಅಕ್ಕಿ ಹೋದರೆ ಜೋಳ ತಿಂದೇವು. ಆದರೆ ಅದೇ ಕಾರ್ಡು ತೋರಿಸಿ ಅಪ್ಪನಿಗೆ ದವಾಖಾನೆಯಲ್ಲಿ ಗಾಳಿ ಕೊಡಿಸುತ್ತೇವೆ. ತಿಂಗಳಿಗೆ ಎರಡು ಸಲ, ಕೆಲವು ತಿಂಗಳು ನಾಲ್ಕು ಸಲ. ಮೂಗಿಗೆ ನಳಿಗೆ ಹಾಕಿದಾಗ ಅವನ ತುಟಿಯ ನೀಲಿ ಹೋಗಿ ಕೆಂಪಾಗುತ್ತದೆ. ಕಾರ್ಡು ಹೋದರೆ ಅದಕ್ಕೆ ರೊಕ್ಕ. ಅವ್ವನೂ ನಾನೂ ಕೂಡಿ ದಿನಕ್ಕೆ ಏಳುನೂರು ದುಡಿಯುತ್ತೇವೆ, ಮಷೀನು ನಡೆದ ದಿನ.

ಮನೆಗೆ ಬಂದು ಹೇಳಿದೆ. ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತ. ಆಮೇಲೆ, "ನನ್ನ ದಾರ ತಗೊಂಡು ಬಾ ಸಾಬಮ್ಮ," ಅಂದ.

ಮೂಲೆಯ ಚೀಲದಲ್ಲಿ ಅವನ ಸಾಮಾನು ಇದ್ದವು. ಚಾಣ, ಸುತ್ತಿಗೆ, ಮೂಲೆಮಟ್ಟ, ಗಂಟು ಹಾಕಿದ ದಾರ. ಗಂಟಿನಿಂದ ಗಂಟಿಗೆ ಒಂದು ಅಡಿ. ನಾನು ದಾರದ ತುದಿ ಹಿಡಿದು ಗೋಡೆಯಿಂದ ಗೋಡೆಗೆ ನಡೆದೆ. ಅವನು ಹಾಸಿಗೆಯಿಂದಲೇ ನೋಡುತ್ತಿದ್ದ.

"ಬಿಗಿ ಹಿಡಿ. ದಾರ ಜೋತುಬಿದ್ರ ಲೆಕ್ಕಾ ಸುಳ್ಳಾಗ್ತದ."

ಹದಿನಾಲ್ಕು ಗಂಟು. ಇಪ್ಪತ್ತು ಗಂಟು. ಇನ್ನೂರ ಎಂಬತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ನಾವು ಮೂವರೂ ಅದನ್ನು ನೋಡಿದೆವು. ಅವ್ವ, "ಅವ್ರೂ ಹಿಂಗ ದಾರಾ ಹಿಡಿದಿದ್ರ ಮುಗೀತಿತ್ತಲ್ಲ," ಅಂದಳು.

ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯ ಅಜೀಮ ಅರ್ಜಿ ಬರೆದುಕೊಟ್ಟ. ನನ್ನ ಫೋನಿನಲ್ಲಿದ್ದ ಬಯಲಿನ ಫೋಟೊ ನಾಲ್ಕು ತೆಗೆದು ಲಗತ್ತಿಸಿದ. "ಮುದ್ರಿ ಹೊಡಿಸ್ಕೊಂಡು ಒಂದು ಪ್ರತಿ ನೀನ ಇಟ್ಕೊ. ಬಾಯಿ ಮಾತು ನಂಬಬ್ಯಾಡ," ಅಂದ. ಪಂಚಾಯಿತಿ ಆಫೀಸಿನಲ್ಲಿ ಮುದ್ರೆ ಹೊಡೆಸಲು ಮೂರು ದಿನ ಬೇಕಾಯಿತು. ಮೊದಲ ದಿನ ಮುದ್ರೆ ಇದ್ದವನು ಇರಲಿಲ್ಲ. ಎರಡನೆಯ ದಿನ ಅವನಿದ್ದ, ಊಟಕ್ಕೆ ಹೋಗಿದ್ದ. ಮೂರನೆಯ ದಿನ ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ಜವಾನ ಬಂದು, "ಮಂದಿ ಓಡಾಡ್ತಾರ, ಕೆಳಗ ಕೂಡು," ಅಂದ. ಕೆಳಗೆ ಚಪ್ಪಲಿ ಬಿಟ್ಟ ಜಾಗವಿತ್ತು. ಅಲ್ಲಿ ಕೂತೆ. ಮೂರು ದಿನದ ಕೂಲಿ ಹೋಯಿತು. ಮುದ್ರೆ ಬಿತ್ತು.

ಮುಖ್ಯಾಧಿಕಾರಿಯ ಮುಂದೆ ವಿಚಾರಣೆಗೆ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಸಾಹೇಬರ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಪ್ಪ ಕೈ ಮುಗಿದ. ಕೆಮ್ಮು ಬಂತು. ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

"ಇವನ್ನ ಹೊರಗ ಕೂಡಿಸ್ರಿ. ಏನದ ಅದು, ಟಿಬಿ ಏನು?"

"ಕಲ್ಲಿನ ಧೂಳ್ರಿ," ಅಂದಳು ಅವ್ವ.

"ಯಾವುದರೆ ಇರ್ಲಿ. ಹೊರಗ."

ಅವ್ವ ಅಪ್ಪನನ್ನು ಹಿಡಿದುಕೊಂಡು ಹೊರಗೆ ಹೋದಳು. ನಾನೊಬ್ಬಳೇ ಉಳಿದೆ. ಮೇಜಿನ ಒಂದು ಮಗ್ಗುಲಿಗೆ ಬಸಲಿಂಗ ನಿಂತಿದ್ದ. ನನ್ನ ಕಣ್ಣು ನೆಲದ ಮೇಲಿತ್ತು. ನೆಲದ ಕಲ್ಲು ನಮ್ಮ ಕಡೆಯದೇ, ಪಾಲಿಶ್ ಹೊಡೆದದ್ದು.

ಸಾಹೇಬರು ಫೋಟೊ ನೋಡಿದರು. "ಇದು ನಿಮ್ಮ ಮನೀದು ಅಂತ ಏನು ಗ್ಯಾರಂಟಿ? ಬಯಲು ಎಲ್ಲಿ ತಗದ್ರೂ ಬಯಲ."

ಅವರು ಫೈಲಿನ ಹಾಳೆ ತಿರುವಿದರು.

"ರಿಪೋರ್ಟಿನ್ಯಾಗ ಒಳಗ ನೋಡೀವಿ ಅಂತ ಸ್ಪಷ್ಟ ಬರದದ."

ಹೊರಗೆ ಅಪ್ಪನ ಕೆಮ್ಮು ಕೇಳುತ್ತಿತ್ತು.

"ಒಳಗ ಬಂದಿಲ್ರಿ."

"ಏನು? ಜೋರಾಗಿ ಹೇಳು."

"ಇವ್ರು ಒಳಗ ಬಂದಿಲ್ರಿ. ನಾ ಮನ್ಯಾಗ ಇದ್ದೆ. ರಸ್ತಾದಾಗ ನಿಂತು ಅಳತಿ ಮಾಡ್ಯಾರ."

ಬಸಲಿಂಗ ನಕ್ಕ. "ಸರ, ಇವ್ರ ಬಾಯಿ ಹಿಂಗ ನೋಡ್ರಿ. ನಾಕ ಅಕ್ಷರ ಕಲ್ತ್ರ ಮುಗೀತು."

"ಅಂದ್ರ ಸರ್ಕಾರಿ ನೌಕರ ಸುಳ್ಳು ಬರದಾನ ಅಂತೀದಿ?" ಸಾಹೇಬರು ನನ್ನನ್ನೇ ನೋಡಿದರು. "ಯೋಚನಿ ಮಾಡಿ ಹೇಳು. ಅದರ ಮ್ಯಾಲೂ ಕೇಸ್ ಆಗ್ತದ."

"ನೀವ ಬಂದು ನೋಡ್ರಿ ಸಾಹೇಬ್ರ," ಅಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಅವರು ಕ್ಯಾಲೆಂಡರ್ ನೋಡಿದರು. ಸ್ಥಳ ಪರಿಶೀಲನೆ, ಗುರುವಾರ, ಹನ್ನೊಂದು ಗಂಟೆ ಎಂದು ಬರೆದರು. ಗುರುವಾರ ಅಂದರೆ ಹದಿಮೂರನೆಯ ತಾರೀಖು. ಕಾರ್ಡಿಗೆ ಉಳಿದದ್ದು ಅದಾದ ಮೇಲೆ ಎರಡೇ ದಿನ.

ಗುರುವಾರ ಅವ್ವ ಖಡಿಗೆ ಹೋಗಲಿಲ್ಲ. ನೆಲ ಸಾರಿಸಿದಳು. ಆಡುಗಳನ್ನು ತೊಳೆದಳು. ಆಡು ತೊಳೆಯುವುದು ನೋಡಿ ದಾವಲಬೀ, "ಇವುಗಳ ಮ್ಯಾಲೂ ಕರಾ ಹಾಕ್ತಾರ, ಮುಚ್ಚಿಡಬೇ," ಅಂದಳು. ತನ್ನ ಮನೆಯ ಎರಡು ಕುರ್ಚಿ ತಂದು ಹಾಕಿದಳು. ಅವ್ವ ಅಂಗಡಿಗೆ ಹೋಗಿ ಸೀಲು ಇದ್ದ ನೀರಿನ ಬಾಟಲಿ ಎರಡು ತಂದಳು. ನಮ್ಮ ಕೊಡದ ನೀರನ್ನು ಅವರು ಕುಡಿಯಲಾರರು ಎಂದು ಯಾರೂ ನಮಗೆ ಹೇಳಿರಲಿಲ್ಲ. ನಾವೇ ತಿಳಿದುಕೊಂಡಿದ್ದೆವು. ಬಾಟಲಿಯನ್ನು ಕುರ್ಚಿಯ ಪಕ್ಕ ಇಟ್ಟವಳು ನಾನೇ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮೈ ಉರಿಯುತ್ತದೆ.

ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಕಟ್ಟೆಯ ಮೇಲೆ ಕೂತ. ಹನ್ನೊಂದಾಯಿತು. ಹನ್ನೆರಡಾಯಿತು. ಒಂದು ಗಂಟೆಗೆ ಜೀಪು ಬಂತು. ಗಟಾರದ ಆಚೆ ನಿಂತಿತು.

ಸಾಹೇಬರು ಇಳಿದರು. ಹಿಂದೆ ಬಸಲಿಂಗ, ಬಗಲಲ್ಲಿ ಫೈಲು. ಕೇರಿಯ ಮಂದಿ ಅಲ್ಲಲ್ಲಿ ಬಾಗಿಲಿಗೆ ಬಂದು ನಿಂತರು. ಸಾಹೇಬರು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಚೊಲೊ ಕೆಲಸ. ಯಾರ ಕೈದು?"

"ನಂದ್ರಿ ಯಪ್ಪಾ." ಅಪ್ಪ ಎದ್ದು ನಿಂತ. ಅವನ ಬೆನ್ನು ನೆಟ್ಟಗಾದದ್ದನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ.

"ಇಂಥಾ ಮನಿ ಕಟ್ಟಿ ಬಡವ್ರು ಅಂತೀರಲ್ಲಪಾ."

"ಮನಿ ಅಲ್ರಿ.. ಗೋಡಿ ಅಷ್ಟ.."

ಅಪ್ಪನ ಉಸಿರು ಸಾಲದಾಯಿತು. ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತೆ. "ಒಳಗ ಬರ್ರಿ. ಕಾಣ್ತದ."

ಸಾಹೇಬರು ಬಸಲಿಂಗನ ಮುಖ ನೋಡಿದರು. ಬಸಲಿಂಗ, "ಸಾಹೇಬ್ರಿಗೆ ಮೊಣಕಾಲ ಬ್ಯಾನಿ ಅದ. ಮೆಟ್ಟಲ ಹತ್ತಂಗಿಲ್ಲ," ಅಂದ.

ನಮ್ಮ ಬಾಗಿಲಿಗೆ ಇರುವುದು ಒಂದು ಮೆಟ್ಟಿಲು. ಅವರು ಇಳಿದ ಜೀಪಿನ ಮೆಟ್ಟಿಲು ಅದಕ್ಕಿಂತ ಎತ್ತರ.

"ಹಂಗಾರ ನೀವರೆ ಬರ್ರಿ," ಅಂದಳು ಅವ್ವ.

"ಇವತ್ತ ನಮ್ಮ ಮನ್ಯಾಗ ದ್ಯಾವ್ರ ಕಾರ್ಯ ಅದಬೇ. ಮೈಲಿಗಿ.." ಅಷ್ಟಕ್ಕೇ ಬಾಯಿ ಮುಚ್ಚಿದ. ಆಮೇಲೆ, "ಟೈಮ್ ಇಲ್ಲ," ಅಂದ.

ಯಾರೂ ಜಾತಿಯ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯ ಬೀಳಲಿಲ್ಲ.

ದಾವಲಬೀ ಸಂದಿಯಿಂದ ಕೂಗಿದಳು. "ಸಾಹೇಬ್ರ, ನಿಚ್ಚಣಕಿ ತರ್ಲೇನ್ರಿ? ರಸ್ತಾದಾಗಿಂದ ಗೋಡಿಗೆ ಹಚ್ತೀವಿ. ಮ್ಯಾಲಿಂದ ಬಗ್ಗಿ ನೋಡ್ರಿ. ನೆಲಾ ಮುಟ್ಟೋದು ಬ್ಯಾಡ."

ಕೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು. "ತಮಾಷಿ ಮಾಡಾಕ ಬಂದಿಲ್ಲ ನಾವು."

ಆಗ ಬಸಲಿಂಗನಿಗೆ ಒಂದು ಉಪಾಯ ಹೊಳೆಯಿತು. ಅವನು ಗೋಡೆಯ ನಡುವಿಗೆ ಬೆರಳು ತೋರಿಸಿದ. "ಏ ಮಲ್ಕ್ಯಾ. ಹಿಂದ ಬಯಲದ ಅಂತೀದಿ ಅಲ್ಲ? ಅಲ್ಲೊಂದು ನಾಕ ಕಲ್ಲು ಕಿತ್ತು ತಗಿ. ಇಲ್ಲಿಂದನ ಕಾಣ್ತದ. ಸಾಹೇಬ್ರು ನೋಡಿ ಬರಕೊಂಡು ಹೋಗ್ತಾರ."

"ಹಾಂ. ಅದು ಬರೋಬ್ಬರಿ," ಅಂದರು ಸಾಹೇಬರು. "ನಿಂದ ಗೋಡಿ. ಆಮ್ಯಾಲ ಕಟ್ಕೊಳಾಕ ನಿನಗ ಬರ್ತದಲ್ಲ."

ಅಪ್ಪ ಒಳಗೆ ಹೋದ. ಚಾಣ ಮತ್ತು ಸುತ್ತಿಗೆ ಹಿಡಿದುಕೊಂಡು ಹೊರಗೆ ಬಂದ. ಅವನು ಅವುಗಳನ್ನು ಹಿಡಿದು ಆರು ವರ್ಷವಾಗಿತ್ತು. ಗೋಡೆಗೆ ಕೈ ಆನಿಸಿಕೊಂಡು ಗೂಡಿನವರೆಗೆ ನಡೆದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಕಲ್ಲು ಯಾವ ಊರಿನಿಂದ ಹೊತ್ತು ತಂದದ್ದು ಎಂದು ಅವಳಿಗೆ ಗೊತ್ತು. ಅಪ್ಪ ಕಲ್ಲಿನ ಸಂದಿಗೆ ಚಾಣ ಇಟ್ಟ. ಸುತ್ತಿಗೆ ಎತ್ತಿ ಹೊಡೆದ. ಚಾಣ ಜಾರಿತು. ಹೂಬಳ್ಳಿಯ ಒಂದು ಎಲೆ ಸಿಡಿದು ನನ್ನ ಕಾಲ ಹತ್ತಿರ ಬಿತ್ತು. ಅವನು ಇನ್ನೊಂದು ಸಲ ಎತ್ತಿದ. ಕೈ ಅರ್ಧಕ್ಕೇ ನಿಂತಿತು. ಕೆಮ್ಮು ಹತ್ತಿತು. ಗೋಡೆಗೆ ಹಣೆ ಹಚ್ಚಿ ಕೆಮ್ಮಿದ. ತುಟಿ ನೀಲಿಯಾಯಿತು.

"ಒಂದೀಟು ಕೆಳಗ ಹೊಡಿ," ಅಂದ ಬಸಲಿಂಗ. "ಅಲ್ಲಿ ಸಡಲದ ನೋಡು."

ನನ್ನೊಳಗೆ ಏನೋ ತಣ್ಣಗಾಯಿತು. ಭಯ ಇದ್ದ ಜಾಗ ಖಾಲಿಯಾದ ಹಾಗೆ. ನಡೆದು ಹೋಗಿ ಅಪ್ಪನ ಕೈ ಹಿಡಿದೆ. ಬೆರಳು ಒಂದೊಂದೇ ಬಿಡಿಸಿ ಸುತ್ತಿಗೆ ತೆಗೆದುಕೊಂಡೆ.

"ಬ್ಯಾಡಪಾ."

"ಬಿಡಬೇ. ಕಾರ್ಡು.."

"ಬ್ಯಾಡ. ಬಾಗಲಾ ತೆರದದ. ಅವ್ರು ಬಾಗಲದಾಗ ಬರಂಗಿಲ್ಲಂದ್ರ ನೀ ಯಾಕ ಗೋಡಿ ಒಡೀತಿ?"

ಅಪ್ಪ ನನ್ನ ಮುಖ ನೋಡಿದ. ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ. ಅವ್ವ ಓಡಿ ಬಂದು ಅವನ ತಲೆ ಎದೆಗೆ ಆನಿಸಿಕೊಂಡಳು.

ಸಾಹೇಬರು ಗಡಿಯಾರ ನೋಡಿಕೊಂಡರು. "ಮುಗಸ್ರಿ ಬಸಲಿಂಗ."

ಬಸಲಿಂಗ ಫೈಲಿನಿಂದ ಒಂದು ಹಾಳೆ ತೆಗೆದ. ಟೈಪು ಮಾಡಿದ ಪಂಚನಾಮೆ. ಆಫೀಸಿನಲ್ಲೇ ತಯಾರಾಗಿ ಬಂದಿತ್ತು. ಅದನ್ನೂ ಮಸಿಯ ಡಬ್ಬಿಯನ್ನೂ ಹಾಸುಗಲ್ಲಿನ ಮೇಲಿಟ್ಟ. "ಸಾಹೇಬ್ರು ದೊಡ್ಡ ಮನಸು ಮಾಡ್ಯಾರ. ಒಂದನೇ ದರ್ಜಿದು ಎರಡಕ್ಕ ಇಳಿಸ್ಯಾರ. ಎರಡೂವರಿ ಸಾವಿರ ಕಮ್ಮಿ ಆಗ್ತದ. ನಿಮ್ಮಪ್ಪನ ಹೆಬ್ಬಟ್ಟು ಒತ್ತಸು."

ಅಪ್ಪನ ಹೆಬ್ಬೆಟ್ಟಿಗೆ ಗೆರೆ ಉಳಿದಿಲ್ಲ. ಕಲ್ಲು ತಿಂದು ಹಾಕಿದೆ. ಒತ್ತಿದರೆ ಬರೀ ಕಪ್ಪು ಮಚ್ಚೆ ಬೀಳುತ್ತದೆ. ಆ ಮಚ್ಚೆಯೂ ಇವರಿಗೆ ಸಾಕು.

ನಾನು ಹಾಳೆ ಎತ್ತಿಕೊಂಡೆ. ಮೊದಲು ಕಣ್ಣಲ್ಲೇ ಓದಿದೆ. ಆಮೇಲೆ ಜೋರಾಗಿ ಓದಿದೆ. ಕೇರಿಯ ಕೊನೆಯ ಬಾಗಿಲಿಗೂ ಕೇಳಲಿ ಎಂದು ಓದಿದೆ.

"ಅರ್ಜಿದಾರರ ಸಮಕ್ಷಮದಲ್ಲಿ ಕಟ್ಟಡದ ಒಳಭಾಗವನ್ನು ಖುದ್ದಾಗಿ ಪರಿಶೀಲಿಸಲಾಗಿ, ವಿಸ್ತೀರ್ಣ ೧೨೬೦ ಚದರ ಅಡಿ ಇರುವುದು ಖಚಿತಪಟ್ಟಿರುತ್ತದೆ. ಅರ್ಜಿದಾರರು ಒಪ್ಪಿ ಸಹಿ ಮಾಡಿರುತ್ತಾರೆ."

ಆಡೊಂದು ಒಳಗೆ ಕೂಗಿತು.

"ಇದಕ್ಕ ಅಪ್ಪ ಹೆಬ್ಬಟ್ಟು ಒತ್ತಂಗಿಲ್ಲ," ಅಂದೆ.

"ಒತ್ತಲಿಲ್ಲಂದ್ರ ಅರ್ಜಿ ವಜಾ," ಅಂದರು ಸಾಹೇಬರು. "ಆಮ್ಯಾಲ ಕಾರ್ಡು ಹೋತು ಅಂತ ನನ್ನ ಕಡೆ ಅಳಕೋತ ಬರಬ್ಯಾಡ್ರಿ."

"ವಜಾ ಮಾಡ್ರಿ. ಇದಕ್ಕ ಒತ್ತಿದ್ರೂ ಕಾರ್ಡು ಉಳಿಯಂಗಿಲ್ಲ. ಆದ್ರ ಒಳಗ ನೋಡೀವಿ ಅಂತ ಬರಿಬ್ಯಾಡ್ರಿ. ಬಾಗಲಾ ತೆರದಿತ್ತು, ಬರ್ರಿ ಅಂತ ಕರದ್ರು, ನಾವು ಹೋಗಲಿಲ್ಲ ಅಂತ ಬರೀರಿ. ಯಾಕ ಹೋಗಲಿಲ್ಲ ಅಂತನೂ ಬರೀರಿ. ಅದಕ್ಕ ಅಪ್ಪ ಹೆಬ್ಬಟ್ಟು ಒತ್ತತಾನ. ನಾ ಸಹಿ ಮಾಡ್ತೀನಿ. ಈ ಕೇರಿ ಮಂದಿ ಎಲ್ಲಾ ಮಾಡ್ತಾರ."

"ನಾನೂ ಮಾಡ್ತೀನಿ," ಅಂದಳು ದಾವಲಬೀ. "ನನಗ ಬರೋದು ಹೆಸರೊಂದ. ಅದನ್ನ ಹಾಕ್ತೀನಿ."

ಎದುರು ಮನೆಯ ಮುದುಕ ಎದ್ದು ರಸ್ತೆಗೆ ಬಂದ. ಅವನ ಹಿಂದೆ ಇಬ್ಬರು ಹೆಂಗಸರು ಬಂದರು. ನನ್ನ ಪಕ್ಕ ನಿಂತರು. ಬಸಲಿಂಗ ಹಾಸುಗಲ್ಲಿನ ಮೇಲಿದ್ದ ಮಸಿಯ ಡಬ್ಬಿಯನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ. ಸಾಹೇಬರು ಜೀಪಿನ ಬಾಗಿಲಿಗೆ ಕೈ ಹಾಕಿದವರು ಹಾಗೇ ನಿಂತರು. ಅವರ ಬೂಟಿನಿಂದ ನಮ್ಮ ಮೆಟ್ಟಿಲಿಗೆ ಹತ್ತು ಹೆಜ್ಜೆ. ನನ್ನ ಕಣ್ಣಿನ ಅಳತೆ ತಪ್ಪುವುದಿಲ್ಲ.

ನಾನು ಹಾಳೆಯನ್ನು ಮಡಿಚಿ ಕೈಯಲ್ಲೇ ಹಿಡಿದುಕೊಂಡು ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದೆ.

"ಸಾಹೇಬ್ರ, ಇನ್ನೂ ಹೊತ್ತು ಮೀರಿಲ್ಲ. ಒಳಗ ಬರ್ರಿ."